ಎರಡು ತಟ್ಟು, ಒಂದು ತಟ್ಟು

ಶಿವಮೊಗ್ಗ ಇನ್ನೂ ಆಕಳಿಸುವಾಗ, ಏಳಕ್ಕೆ ಮುಂಚೆ,
ಫಿಸಿಸಿಸ್ಟ್ ವಿನ್ಸೆಂಟ್ ಸರ್ ನೀರಿನ ತೊಟ್ಟಿಗೆ ಕಿರಣ ಕುಡಿಸಿ
ಅಳೆಯುತ್ತಿರುತ್ತಾರೆ. ನೂರಕ್ಕೆ ನೂರು ಬರಬೇಕು.
ತೊಂಬತ್ತೇಳಾದರೆ ಅವತ್ತು ಯಾರಿಗೂ ಕಾಫಿ ಇಲ್ಲ.

ಆಮೇಲೆ ಬೆಂಚು ತುಂಬುತ್ತದೆ.
ಭದ್ರಾವತಿಯ ಮೊದಲ ಬಸ್ಸು, ಸೊರಬದ ಎರಡನೆಯದು,
ಕೊರಳಿಗೆ ಟವೆಲ್ಲು, ಕಂಕುಳಲ್ಲಿ ಫೈಲು,
ನೇರಳೆ ಶಾಯಿಯ ಗೆರೆ ಅಳಿಸೀತೆಂದು
ಹತ್ತು ದಿನದಿಂದ ಎದೆಗೆ ನೀರು ಸೋಕಿಸದ ಗುಲಾಬಕ್ಕ.

ಹಾಲೇಶಪ್ಪ ಬಂದದ್ದು ಹೋಳಿ ಕಳೆದ ಮೇಲೆ.
ಹೊಸನಗರ ರೂಟಿನ ಕಂಡಕ್ಟರು, ಇಪ್ಪತ್ತಾರು ವರ್ಷ.
ಗಂಟಲಲ್ಲೇ ಗಡ್ಡೆ. ದನಿ ಅರ್ಧ ಹೋಗಿತ್ತು,
ಉಳಿದರ್ಧ ಚಿಲ್ಲರೆ ಜಗಳಕ್ಕೆ ಸಾಕಾಗುತ್ತಿತ್ತು.

ಬಿಸಿನೀರಲ್ಲಿ ಬಿಳಿ ಹಾಳೆ ನೆನೆದು ಗಾಜಿನಂತಾಯಿತು.
ಸಿಸ್ಟರ್ ಸಬೀಹಾ ಆ ಕಡೆ, ನಾನು ಈ ಕಡೆ,
ಹಸಿ ರೊಟ್ಟಿ ಕಾವಲಿಗೆ ಹಾಕುವಾಗಿನ ಅದೇ ಅವಸರ, ಅದೇ ಜೋಕೆ.
ಮೂಗು, ಗದ್ದ, ಹುಬ್ಬಿನ ದಿಣ್ಣೆ
ಬೆರಳಿಗೆ ಸಿಕ್ಕಿದ್ದನ್ನೆಲ್ಲ ಒತ್ತಿ ಕೂರಿಸಿದೆವು.
ಆರಿ ಗಟ್ಟಿಯಾಗಿ, ಬಿಚ್ಚಿದ ಮೇಲೆ ಅಂದರು
"ಮದುವೇಲೂ ಯಾರೂ ಇಷ್ಟು ಚಂದ ಮುಖ ಸವರಿಲ್ಲ ಮಾರಾಯ್ತಿ."

ನನ್ನ ಕೆಲಸ ಏನೆಂದು ಕೇಳಿದವರಿಗೆ ಹೇಳುವುದು ಕಷ್ಟ.
ಮಲಗಿಸುತ್ತೇನೆ. ಬೆಳಕಿನ ಗೆರೆಗೆ ಗುರುತು ಕೂಡಿಸುತ್ತೇನೆ.
ನಾಲ್ಕು ಕ್ಲಿಪ್ಪು ಹಾಕುತ್ತೇನೆ.
"ಅಲ್ಲಾಡ್ಬೇಡಿ, ಇಲ್ಲೇ ಇದೀನಿ" ಅನ್ನುತ್ತೇನೆ.
ಅಂದು, ಹೊರಗೆ ಹೋಗುತ್ತೇನೆ.
ಇಲ್ಲೇ ಇದೀನಿ ಎಂಬ ಸುಳ್ಳನ್ನು
ದಿನಕ್ಕೆ ನಲವತ್ತು ಸಲ ಹೇಳಿ
ನಲವತ್ತು ಸಲ ಒಳಗೆ ಬಂದು ನಿಜ ಮಾಡುತ್ತೇನೆ.

ಎದೆಯ ಬ್ಯಾಡ್ಜು ನನ್ನ ಮೈಗೆ ಬಿದ್ದದ್ದರ ಲೆಕ್ಕ ಇಡುತ್ತದೆ.
ಮೂರು ತಿಂಗಳಿಗೊಮ್ಮೆ ವರದಿ. ಸೊನ್ನೆ. ಮತ್ತೆ ಸೊನ್ನೆ.
ಅಮ್ಮ ಅದನ್ನು ನನ್ನ ಜಾತಕದ ಜೊತೆಗಿಟ್ಟಿದ್ದಾಳೆ,
ಹೆಣ್ಣು ನೋಡಲು ಬಂದವರಿಗೆ ಎರಡನ್ನೂ ತೋರಿಸುತ್ತಾಳೆ.

ಮೂರನೇ ದಿನ ಹಾಲೇಶಪ್ಪನೇ ಕಟ್ಟಳೆ ಮಾಡಿದರು.
ಮುಖವಾಡದಡಿ ಮಾತಿಲ್ಲ. ಬೆರಳಿಂದ ಮಂಚಕ್ಕೆ
ಎರಡು ತಟ್ಟಿದರೆ ರೈಟ್, ಹೋಗಲಿ.
ಒಂದೇ ತಟ್ಟಿದರೆ ನಿಲ್ಸಿ, ಇಳಿಯೋರಿದಾರೆ.
ಯಂತ್ರದ ತೋಳು ತಲೆ ಸುತ್ತುವಷ್ಟು ಹೊತ್ತು
ಕಣ್ಣು ಮುಚ್ಚಿ ಊರು ಎಣಿಸುತ್ತಿದ್ದರಂತೆ,
ಆಯನೂರು, ಸೂಡೂರು ಗೇಟು, ರಿಪ್ಪನ್‌ಪೇಟೆ.
ರಿಪ್ಪನ್‌ಪೇಟೆ ಬಂದರೆ ಬಾಗಿಲು ತೆರೆಯುತ್ತದೆ.

ಹತ್ತೊಂಬತ್ತನೇ ದಿನ. ಗಂಟಲೊಳಗೆಲ್ಲ ಸುಲಿದಿತ್ತು,
ಗಂಜಿಯೂ ಮೂಗಿನ ನಳಿಗೆಯಲ್ಲಿ.
ಪರದೆಯಲ್ಲಿ ನೋಡುತ್ತಿದ್ದೆ. ತೋರುಬೆರಳು ಎದ್ದಿತು.
ಒಮ್ಮೆ ಬಿತ್ತು.
ಇನ್ನೊಂದಕ್ಕೆ ಕಾದೆ. ಕಾಯಬಾರದಿತ್ತು.
ಕಿರಣ ನಿಲ್ಲಿಸಿ ಓಡಿದರೆ ಆ ಬಾಗಿಲು, ಆ ಪಾಪಿ ಸೀಸದ ಬಾಗಿಲು
ತನ್ನ ಲೆಕ್ಕದಲ್ಲೇ ಸರಿಯಬೇಕು.
ಸಂದಿ ಸಾಲುವ ಮುಂಚೆಯೇ ಸಬೀಹಾ ಅಡ್ಡಡ್ಡ ನುಗ್ಗಿದಳು,
ಬಳೆ ಒಡೆಯಿತು. ಟಕ್, ಟಕ್, ಟಕ್, ಟಕ್.
ಕಫ ಅಡ್ಡ ಸಿಕ್ಕಿತ್ತು. ಕೂರಿಸಿ, ಬೆನ್ನು ತಟ್ಟಿ,
ಅವಳ ಅಂಗೈಗೇ ಉಗಿಸಿದೆವು.
ಉಸಿರು ತಿರುಗಿದ ಮೇಲೆ ಹಾಲೇಶಪ್ಪ ಫೈಲಿನ ಹಿಂದೆ ಬರೆದರು
"ಸೂಡೂರು ಗೇಟಲ್ಲಿ ಯಾವಾಗ್ಲೂ ಲೇಟು."

ಮೂವರೂ ನಕ್ಕೆವು. ಕೈ ತೊಳೆಯಲು ಹೋದ ಸಬೀಹಾ
ಹತ್ತು ನಿಮಿಷ ನಲ್ಲಿ ನಿಲ್ಲಿಸಲಿಲ್ಲ.
ಅವರು ಮತ್ತೆ ಮಲಗಿದರು. ಎರಡು ತಟ್ಟಿದರು.

ಮೂವತ್ತೈದು ಮುಗಿದ ದಿನ ಮುಖವಾಡ ಒಯ್ಯಲಿಲ್ಲ,
ಎಸೀರಿ ಅಂತ ಕೈಸನ್ನೆ.
ಎಸೆಯುವುದೂ ನನ್ನ ಕೆಲಸವೇ. ಅದು ಹಲಗೆಯ ಮೇಲಿದೆ ಇನ್ನೂ,
ಹೆಸರಿನ ಪಟ್ಟಿ ಸಮೇತ, ಮೂಗು ಮೇಲಾಗಿ.
ದನಿ ಬಂತೋ ಇಲ್ಲವೋ ಗೊತ್ತಿಲ್ಲ.
ಆಮೇಲಿನ ತಪಾಸಣೆ ಮೇಲಿನ ಮಹಡಿಯಲ್ಲಿ,
ಕೆಳಗಿನ ನಮಗೆ ಸುದ್ದಿ ಇಳಿಯುವುದಿಲ್ಲ.

ನಾಳೆ ಎಂಟೂವರೆಗೆ ಕೋಣಂದೂರಿನ ಹುಡುಗಿ, ಹತ್ತೊಂಬತ್ತು ವರ್ಷ.
ಮುಖ ಮುಚ್ಚಿದರೆ ಭಯವಂತೆ.
ಸಬೀಹಾ ಬಳೆ ಬಿಚ್ಚಿಟ್ಟೇ ಬರುತ್ತಾಳೆ ಈಗ.
ಆ ಹುಡುಗಿಗೆ ಯಾವ ದಾರಿ ಬಾಯಿಪಾಠವೋ,
ಕೇಳಬೇಕು.